ಹಿಂದಿನಿಂದ ಬಂದದ್ದು

ನಮ್ಮ ಕಡೆಯ ಜನ ಬದಲಾವಣೆಗೆ ಒಗ್ಗುವವರಲ್ಲ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಕಪಿಲೆಯ ದಂಡೆಯ ನಂಜನಗೂಡು, ತಿರುಮಕೂಡಲು ನರಸೀಪುರಗಳನ್ನು ಬಲ್ಲ ನನಗೆ ಈ ಮಾತು ಪೂರ್ತಿ ನಿಜವೆಂದು ತೋರುವುದಿಲ್ಲ.

ನಂಜುಂಡೇಶ್ವರನ ಗುಡಿಯಲ್ಲಿ ಟಿಪ್ಪು ಸುಲ್ತಾನ ಅರ್ಪಿಸಿದನೆನ್ನುವ ಪಚ್ಚೆಲಿಂಗವಿದೆ. ತನ್ನ ಆನೆಯ ಕಣ್ಣು ವಾಸಿಯಾದುದಕ್ಕಾಗಿ ಆತ ಈ ದೇವರನ್ನು ‘ಹಕೀಮ್ ನಂಜುಂಡ’ನೆಂದು ಕರೆದನಂತೆ. ಆ ಅರಬ್ಬೀ ಬಿರುದನ್ನು ಭಕ್ತರು ಇಂದು ಸ್ಥಳಮಹಿಮೆಯೊಡನೆ ಸೇರಿಸಿಯೇ ಹೇಳುತ್ತಾರೆ. ನರಸೀಪುರದ ಕುಂಭಮೇಳವನ್ನು ನೋಡಿ. ಕಾವೇರಿ ಕಪಿಲೆಯರ ಕೂಡಲು ಪುರಾತನ ಕ್ಷೇತ್ರ. ಅಲ್ಲಿಯ ಪುಣ್ಯಸ್ನಾನವೂ ಹಳೆಯದೇ. ಆದರೆ ಮೇಳ ಆರಂಭವಾದದ್ದು 1989ರಲ್ಲಿ. ಅದು ನನಗಿಂತ ಚಿಕ್ಕದು. 2025ರ ಮೇಳಕ್ಕೆ ಹೋಗಿಬಂದ ನನ್ನ ವಿದ್ಯಾರ್ಥಿಗಳನ್ನು ಕೇಳಿದರೆ, “ಹಿಂದಿನಿಂದ ಬಂದದ್ದು ಸಾರ್” ಎನ್ನುತ್ತಾರೆ. ಅವರು ಹುಟ್ಟುವ ಮೊದಲೇ ಇದ್ದುದರಿಂದ ಅವರ ಮಟ್ಟಿಗೆ ಅದು ಸುಳ್ಳೂ ಅಲ್ಲ.

ಇದನ್ನು ಹೀಗಳೆಯುವ ಉದ್ದೇಶ ನನಗಿಲ್ಲ. ಹೊಸದನ್ನು ಹಳೆಯದರೊಳಗೆ ಕರಗಿಸಿಕೊಳ್ಳಬಲ್ಲ ಸಮಾಜಕ್ಕೆ ಜೀವವಿದೆಯೆಂದೇ ಹೇಳಬೇಕು. ನನ್ನನ್ನು ಕಾಡುವ ಪ್ರಶ್ನೆ, ಎಂಥ ಹೊಸದಕ್ಕೆ ನಾವು ಬಾಗಿಲು ತೆರೆಯುತ್ತೇವೆ, ಎಂಥದಕ್ಕೆ ಮುಚ್ಚುತ್ತೇವೆ ಎಂಬುದು.

ಅದೇ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ, 1993ರಲ್ಲಿ, ದೇವಸ್ಥಾನದೊಳಗೆ ದಲಿತರ ಪ್ರವೇಶದ ವಿವಾದ ಬೆಳೆದು ಮೂವರು ದಲಿತರ ಕೊಲೆಯಾಯಿತು. ಅಸ್ಪೃಶ್ಯರೆಂದು ಯಾರನ್ನಾದರೂ ಗುಡಿಯ ಬಾಗಿಲಲ್ಲಿ ತಡೆಯುವುದು ಅಪರಾಧವೆಂದು 1955ರಲ್ಲಿಯೇ ಕಾಯಿದೆಯಾಗಿತ್ತು. ಲೆಕ್ಕ ಹಾಕಿ ನೋಡಿ. ಆ ಹೊತ್ತಿಗೆ ಮೇಳಕ್ಕೆ ನಾಲ್ಕು ವರ್ಷ, ಕಾಯಿದೆಗೆ ಮೂವತ್ತೆಂಟು ವರ್ಷ. ನಾಲ್ಕು ವರ್ಷದ್ದು ಸಂಪ್ರದಾಯದ ಸಾಲಿಗೆ ಸೇರುತ್ತಿತ್ತು. ಮೂವತ್ತೆಂಟು ವರ್ಷದ್ದು ಇನ್ನೂ ಸಹಿಸಲಾಗದ ಹೊಸದಾಗಿಯೇ ಉಳಿದಿತ್ತು.

ಹಾಗಾದರೆ ಹಳತು ಹೊಸತನ್ನು ನಾವು ವರ್ಷಗಳಿಂದ ಅಳೆಯುತ್ತಿಲ್ಲವೆಂದಾಯಿತು. ಮೇಳ ಯಾರಿಂದಲೂ ಏನನ್ನೂ ಬಿಡಿಸಲಿಲ್ಲ. ಮುಳುಗಿ ಎದ್ದವರು ತಮ್ಮ ತಮ್ಮ ಸ್ಥಾನಗಳಿಗೆ ಹಿಂದಿರುಗಿದರು. ಗುಡಿಯ ಬಾಗಿಲು ಎಲ್ಲರಿಗೂ ತೆರೆಯಬೇಕಾದರೆ ಕೆಲವರು ಕೂತ ಜಾಗದಿಂದ ತುಸು ಸರಿಯಬೇಕಿತ್ತು. ಸರಿಯಲೊಲ್ಲದ ಮನಸ್ಸು ಹಿರಿಯರ ಹೆಸರು ಹೇಳಿತು.

ಹಿರಿಯರ ಮೇಲೆ ಗೌರವವಿರಲಿ. ಆದರೆ “ಇದು ಹಿಂದಿನಿಂದ ಬಂದದ್ದಲ್ಲ” ಎಂದು ಯಾವುದನ್ನಾದರೂ ತಳ್ಳಿಹಾಕುವ ಮುನ್ನ, ಅದನ್ನು ಒಪ್ಪಿಕೊಂಡರೆ ನಾನು ಬಿಟ್ಟುಕೊಡಬೇಕಾದುದು ಏನು ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಅನೇಕ ಸಲ ನಮ್ಮ ಸಂಪ್ರದಾಯಪ್ರೇಮದ ಮೂಲ ಆ ಉತ್ತರದಲ್ಲಿರುತ್ತದೆ.