ಎಲೆಯ ಮೇಲಿನ ಅನ್ನಕ್ಕೆ ಹೊಣೆ ಯಾರು?



ಊಟಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ನಮ್ಮ ಸೀಮೆಯಲ್ಲಿ ಅರಿಯದವರಿಲ್ಲ. ಅದನ್ನು ಸ್ವಸ್ಥನಿಗೆ ಹೇಳಿದರೆ ಒಳ್ಳೇ ಬುದ್ಧಿಮಾತು; ರೋಗಿಗೆ ಹೇಳಿದರೆ ಅದು ತೀರ್ಪಾಗುತ್ತದೆ. ಸಕ್ಕರೆ ಕಾಯಿಲೆಯುಳ್ಳ ಒಬ್ಬನು ಪಂಕ್ತಿಯಲ್ಲಿ ಕೂತು ಎರಡನೆಯ ಸಾರಿ ಅನ್ನ ಹಾಕಿಸಿಕೊಂಡರೆ, ಬಾಯಿ ಕಟ್ಟಲಾರದವನೆಂದು ಪಕ್ಕದವರು ಪಿಸುಗುಟ್ಟುತ್ತಾರೆ. ಅವನೇ ಎಲೆಗೆ ಕೈ ಅಡ್ಡ ಇಟ್ಟು ಬೇಡವೆಂದರೆ, “ನಮ್ಮ ಮನೆಯ ಅನ್ನ ತಮಗೆ ಸೇರದೋ?” ಎಂದು ಮನೆಯವರು ನೊಂದುಕೊಳ್ಳುತ್ತಾರೆ. ಉಂಡರೂ ತಪ್ಪು, ಉಣ್ಣದಿದ್ದರೂ ತಪ್ಪು. ಹೀಗಿರಲಾಗಿ ಆ ಎಲೆಯ ಮೇಲಿನ ಅನ್ನಕ್ಕೆ ಹೊಣೆ ಯಾರು? ಉಣ್ಣುವವನೋ, ಬಡಿಸುವವರೋ?

ಇದು ಕೆಲವರ ಮನೆಯ ಪ್ರಶ್ನೆಯಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ದೇಶವ್ಯಾಪಿ ಪರಿಶೋಧನೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಈ ರೋಗವುಂಟು. ಇನ್ನು 13 ಕೋಟಿ 60 ಲಕ್ಷ ಜನರು ಅದರ ಹೊಸ್ತಿಲಲ್ಲಿದ್ದಾರೆ. ಇವರೆಲ್ಲರೂ ಊಟ ಬಲ್ಲದವರೆಂದು ಹೇಳುವಷ್ಟು ಧೈರ್ಯ ಯಾರಿಗುಂಟು? ತಂದೆತಾಯಿಗಳಿಂದ ಇಳಿದು ಬಂದ ದೇಹಗುಣವು ಇದಕ್ಕೆ ಒಂದು ದೊಡ್ಡ ಕಾರಣವಾಗಿದೆ. ಏನೂ ಅರಿಯದ ಎಳೇ ಮಕ್ಕಳಿಗೆ ಬರುವ ಇನ್ನೊಂದು ಬಗೆಯ ಸಕ್ಕರೆ ಕಾಯಿಲೆಯಂತೂ ಊಟದಿಂದ ಹುಟ್ಟುವದೇ ಅಲ್ಲ.

ರೋಗದ ಕ್ರಮವನ್ನು ತಿಳಿದ ಹೊರತು ಹೊಣೆಯನ್ನು ಹಂಚಲಾಗದು. ಅನ್ನ, ಮುದ್ದೆ, ಚಪಾತಿ, ಇಡ್ಲಿ, ಅವಲಕ್ಕಿ, ಆಲೂಗೆಡ್ಡೆ ಇವೆಲ್ಲವುಗಳಲ್ಲಿ ಹೆಚ್ಚಾಗಿರುವದು ಪಿಷ್ಟವೇ. ಈ ಪಿಷ್ಟವು ಹೊಟ್ಟೆಯನ್ನು ದಾಟಿ ಸಣ್ಣ ಕರುಳಿನಲ್ಲಿ ಒಡೆದು ಗ್ಲೂಕೋಸೆಂಬ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಅದನ್ನು ರಕ್ತದಿಂದ ಮಾಂಸಖಂಡಗಳೊಳಕ್ಕೆ ಬಿಡಿಸತಕ್ಕದ್ದು ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಇನ್ಸುಲಿನ್. ಇನ್ಸುಲಿನ್ ಸಾಲದೆ ಹೋದರೆ, ಇಲ್ಲವೆ ದೇಹವು ಅದರ ಮಾತು ಕೇಳದೆ ಹೋದರೆ, ಸಕ್ಕರೆಯು ರಕ್ತದಲ್ಲಿಯೇ ನಿಂತು ಕಣ್ಣು, ಮೂತ್ರಪಿಂಡ, ಪಾದಗಳ ನರ ಇವುಗಳನ್ನು ಮೆಲ್ಲಮೆಲ್ಲನೆ ಕೆಡಿಸುವದು. ಕಾಫಿಗೆ ಸಕ್ಕರೆ ಬಿಟ್ಟೆನೆಂದು ಸಮಾಧಾನಪಟ್ಟುಕೊಂಡು ರಾಶಿ ಅನ್ನ ಉಣ್ಣುವವರನ್ನು ನಾವು ನೋಡುತ್ತೇವಲ್ಲಾ! ಅನ್ನದಲ್ಲಿ ಸಿಹಿಯನ್ನು ನಾಲಿಗೆ ಕಾಣುವದಿಲ್ಲ, ರಕ್ತವು ಕಾಣುತ್ತದೆ.

ಹಾಗಾದರೆ ಅನ್ನವನ್ನು ಬಿಟ್ಟು ರಾಗಿಯನ್ನು ಹಿಡಿದರೆ ಆಯಿತೆಂದು ಅನೇಕರು ಹೇಳುವದುಂಟು. ಅಕ್ಕಿಗೂ ರಾಗಿಗೂ ಆದ ಈ ವ್ಯಾಜ್ಯವು ನಮ್ಮ ನಾಡಿನಲ್ಲಿ ಹಳೆಯದು. ಕನಕದಾಸರು ರಾಮಧಾನ್ಯ ಚರಿತ್ರೆಯಲ್ಲಿ ಎರಡೂ ಧಾನ್ಯಗಳನ್ನು ರಾಮನ ಸಭೆಯಲ್ಲಿ ಜಗಳಕ್ಕೆ ನಿಲ್ಲಿಸಿ, ಆರು ತಿಂಗಳು ಸೆರೆಯಲ್ಲಿಡಿಸಿ, ಕೆಡದೆ ಉಳಿದ ರಾಗಿಗೆ ಜಯ ಕೊಟ್ಟರು. ಬಡವರ ಧಾನ್ಯವನ್ನು ತುಚ್ಛೀಕರಿಸುವವರಿಗೆ ಅದು ತಕ್ಕ ಉತ್ತರವೇ ಸರಿ. ಆದರೆ ವೈದ್ಯಶಾಲೆಯಲ್ಲಿ ಆ ತೀರ್ಪು ಅರ್ಧ ಮಾತ್ರ ನಿಲ್ಲುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಹೊರಡಿಸಿದ ಪಟ್ಟಿಯಂತೆ 100 ಗ್ರಾಂ ಬಿಳೀ ಅಕ್ಕಿಯಲ್ಲಿ ಪಿಷ್ಟಾದಿಗಳು ಸುಮಾರು 78 ಗ್ರಾಂ, ನಾರು 3 ಗ್ರಾಮಿಗೂ ಕಡಿಮೆ. ರಾಗಿಯಲ್ಲಿ ಪಿಷ್ಟಾದಿಗಳು ಸುಮಾರು 67 ಗ್ರಾಂ, ನಾರು 11 ಗ್ರಾಂ. ನಾರಿನಲ್ಲಿ ರಾಗಿಯದೇ ಮೇಲುಗೈ. ಆದರೂ 67 ಎಂಬದು ಸಣ್ಣ ಲೆಕ್ಕವಲ್ಲ. ಎರಡು ದೊಡ್ಡ ಮುದ್ದೆಗಳನ್ನು ನುಂಗಿದವನು ತಟ್ಟೆಯಲ್ಲಿ ಅನ್ನವಿಲ್ಲವೆಂದು ತನ್ನನ್ನು ನೀತಿವಂತನೆಂದು ಎಣಿಸಿಕೊಳ್ಳಬಾರದು. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿಯು ಇನ್ನೂ ಬೇಗನೆ ರಕ್ತಕ್ಕೆ ಸೇರುವದು. 2025ರಲ್ಲಿ ಪ್ರಕಟವಾದ ಅದೇ ಪರಿಷತ್ತಿನ ಪರಿಶೋಧನೆಯು ಸಹ, ಒಟ್ಟು ಪಿಷ್ಟವನ್ನು ಕಡಿಮೆಮಾಡದೆ ಅಕ್ಕಿಗೆ ಬದಲಾಗಿ ಗೋಧಿಯನ್ನೋ ಸಿರಿಧಾನ್ಯವನ್ನೋ ಇಟ್ಟ ಮಾತ್ರಕ್ಕೆ ರೋಗದ ಭಯ ಇಳಿಯುವದು ಕಂಡುಬರಲಿಲ್ಲವೆಂದು ತಿಳಿಸಿತು. ಅಂದರೆ ತಪ್ಪಿತಸ್ಥರಾದ ಧಾನ್ಯವೂ ಇಲ್ಲ, ರಕ್ಷಿಸುವ ಧಾನ್ಯವೂ ಇಲ್ಲ, ಅಳತೆಯೊಂದೇ ಉಳಿಯುತ್ತದೆ.

ಹಿಟ್ಟು ತಿಂದವನು ಬೆಟ್ಟವನ್ನು ಕಿತ್ತಿಟ್ಟನೆಂದು ಹಿರಿಯರು ಹೇಳುತ್ತಿದ್ದರು. ಹಿಟ್ಟಿನ ಮಾತನ್ನು ನಾವು ಮರೆಯಲಿಲ್ಲ. ಬೆಟ್ಟ ಕೀಳುವದನ್ನು ಮಾತ್ರ ಮರೆತೆವು. ಬೆಂಗಳೂರಿನ ಪಡುವಲಲ್ಲಿರುವ ಕೆಂಗೇರಿಯ ಸೀಮೆಯನ್ನು ನೋಡಿರಿ. ವೃಷಭಾವತಿಯ ಆಚೀಚೆ ರಾಗಿಯ ಹೊಲಗಳಿದ್ದ ಕಡೆ ಈಗ ಬಡಾವಣೆಗಳು ನಿಂತಿವೆ. 2021ರ ಆಗಸ್ಟಿನಲ್ಲಿ ಮೆಟ್ರೋ ರೈಲು ಸಹ ಅಲ್ಲಿಯ ತನಕ ಬಂತು. ತಾತನು ನೇಗಿಲು ಹಿಡಿದು ದಿನವೆಲ್ಲಾ ನಡೆದು ಮೂರು ಮುದ್ದೆಗಳನ್ನು ಉಂಡನು. ಮೊಮ್ಮಗನು ಆಟೋ ಓಡಿಸುತ್ತಲೋ, ರಾಜಾಜಿನಗರದ ಯಾವದೋ ಗೇಟಿನ ಬಳಿ ರಾತ್ರಿಯೆಲ್ಲಾ ಕುರ್ಚಿಯಲ್ಲಿ ಕೂತೋ ದಿನ ಕಳೆದು, ತಾತನ ಅಳತೆಯಲ್ಲಿಯೇ ಉಣ್ಣುತ್ತಾನೆ. ಹೊಟ್ಟೆಬಾಕತನವೆಂದು ಅವನನ್ನು ನಿಂದಿಸುವವರು, ಅವನ ಕಾಲ್ನಡಿಗೆಯನ್ನು ಕಸುಕೊಂಡವರು ಯಾರೆಂದು ಸಹ ವಿಚಾರಿಸಲಿ.

ಅಳತೆ ಯಾವದು? ವೈದ್ಯರು ಸಾಮಾನ್ಯವಾಗಿ ಹೇಳುವದೇನಂದರೆ, ತಟ್ಟೆಯ ಅರ್ಧದಲ್ಲಿ ಸೊಪ್ಪು ತರಕಾರಿ, ಕಾಲು ಭಾಗದಲ್ಲಿ ಬೇಳೆ ಕಾಳು ಇಲ್ಲವೆ ಮೊಟ್ಟೆ ಮೀನು, ಉಳಿದ ಕಾಲು ಭಾಗದಲ್ಲಿ ಅನ್ನವೋ ಮುದ್ದೆಯೋ. ಪಲ್ಯ ಕಾಳುಗಳನ್ನು ಮೊದಲು ತಿಂದು ಅನ್ನವನ್ನು ಕಡೆಗೆ ಉಂಡರೆ ಸಕ್ಕರೆಯು ಒಮ್ಮೆಗೇ ಏರುವದಿಲ್ಲ. ಹುರುಳಿ, ಅವರೆ, ಹೆಸರು, ಬಸ್ಸಾರಿನ ಸೊಪ್ಪು ಇವು ನಮಗೆ ಹೊಸ ಪದಾರ್ಥಗಳಲ್ಲ.

ಈಗ ಹೊಣೆಯ ಪ್ರಶ್ನೆಗೆ ಬರೋಣ. ಈ ಅಳತೆಯನ್ನು ರೋಗಿಯೊಬ್ಬನೇ ಕಾಯಲಾರನು. ಯಾಕಂದರೆ ತಟ್ಟೆಯನ್ನು ತುಂಬುವ ಕೈ ಅವನದಲ್ಲ. ಬೇಡವೆಂದರೂ ಮೇಲೆ ಬಿದ್ದು ಬಡಿಸುವದನ್ನು ನಾವು ಪ್ರೀತಿಯೆಂದು ಕರೆಯುತ್ತೇವೆ. ಆದರೆ ನನ್ನ ಸಂತೋಷಕ್ಕಾಗಿ ಇನ್ನೊಬ್ಬನ ಕಣ್ಣನ್ನೂ ಕಾಲನ್ನೂ ಅಪಾಯಕ್ಕೆ ಒಡ್ಡುವದು ಪ್ರೀತಿಯೋ? ಅತಿಥಿಯು ಕೈ ಅಡ್ಡ ಇಟ್ಟಾಗ ಸೌಟನ್ನು ಹಿಂತೆಗೆಯುವದೂ ಉಪಚಾರವೇ. ಬೇಡವೆಂದವನು ಕಾರಣವನ್ನು ಪಂಕ್ತಿಯೆದುರು ಒಪ್ಪಿಸುವಂತೆ ಮಾಡುವದಂತೂ ನಿಷ್ಕರುಣೆಯೇ.

ಇದಕ್ಕೆ ವಿರೋಧವಾದ ಇನ್ನೊಂದು ತಪ್ಪುಂಟು. ಕೆಲವು ಮನೆಗಳಲ್ಲಿ ಹೆಂಡತಿ ಮಕ್ಕಳು ರೋಗಿಗೆ ಪೊಲೀಸರಾಗುತ್ತಾರೆ. ತುತ್ತು ಎಣಿಸುತ್ತಾರೆ, ಬಂದವರ ಮುಂದೆ ದೂರು ಹೇಳುತ್ತಾರೆ. ಫಲವೇನಂದರೆ, ಅವನು ವಿಜಯನಗರದ ದರ್ಶಿನಿಯಲ್ಲಿ ನಿಂತು ಎರಡು ಇಡ್ಲಿ, ಒಂದು ಖಾರಾಭಾತು ತಿಂದು, ಬಾಯೊರಸಿಕೊಂಡು ಮನೆಗೆ ಬಂದು ಪಲ್ಯದ ಮುಂದೆ ಸಾಧುವಿನಂತೆ ಕೂರುತ್ತಾನೆ. ಮನೆಯವರಿಗೆ ಹೇಳಿದ ಸುಳ್ಳನ್ನೇ ವೈದ್ಯರಿಗೂ ಹೇಳುತ್ತಾನೆ. ಮೂರು ತಿಂಗಳ ಸರಾಸರಿಯನ್ನು ತೋರಿಸುವ ರಕ್ತಪರೀಕ್ಷೆಯು ಬಂದ ಮೇಲೆ ಹಿಂದಿನ ದಿನ ಮಾತ್ರ ಬಾಯಿ ಕಟ್ಟಿ ಹೋದ ಉಪಾಯವು ನಡೆಯುವದಿಲ್ಲ. ಆದರೆ ಅಷ್ಟರೊಳಗೆ ಮೂರು ತಿಂಗಳು ಕಳೆದುಹೋಗಿರುತ್ತವೆ. ಸತ್ಯ ಹೇಳಿದರೆ ಬೈಗಳು ಬೀಳುವ ಮನೆಯಲ್ಲಿ ಸತ್ಯವನ್ನು ಅಪೇಕ್ಷಿಸುವದು ಹೇಗೆ?

ಅನ್ನವನ್ನು ಪೂರಾ ಬಿಟ್ಟೇಬಿಡುವೆನೆಂಬ ಹಟವಾದಿಗಳಿಗೂ ಒಂದು ಮಾತು. ಇನ್ಸುಲಿನ್ ಕಂಡುಹಿಡಿಯುವದಕ್ಕೆ ಮುಂಚೆ ಅಮೇರಿಕದ ಆಲೆನ್ ಎಂಬ ವೈದ್ಯರು ರೋಗಿಗಳನ್ನು ಹೆಚ್ಚುಕಡಿಮೆ ಹಸಿವೆಯಲ್ಲಿಯೇ ಇಟ್ಟು ಚಿಕಿತ್ಸೆಮಾಡುತ್ತಿದ್ದರು. ಕೆಲವರು ಎಲುಬಿನ ಗೂಡಾಗಿ ಸ್ವಲ್ಪ ಕಾಲ ಹೆಚ್ಚು ಬದುಕಿದರು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಹುಡುಗನೊಬ್ಬನಿಗೆ ಮೊದಲನೆಯ ಸಾರಿ ಇನ್ಸುಲಿನ್ ಚುಚ್ಚಿದಂದಿನಿಂದ ಆ ಕಠಿಣ ಕಾಲವು ತೀರಿತು. ಈಗ ಇನ್ಸುಲಿನನ್ನೋ, ಸಕ್ಕರೆಯನ್ನು ಇಳಿಸುವ ಕೆಲವು ಮಾತ್ರೆಗಳನ್ನೋ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಟ್ಟರೂ, ವ್ರತವೆಂದು ಉಪವಾಸವಿದ್ದರೂ, ಸಕ್ಕರೆಯು 70ಕ್ಕಿಂತ ಕೆಳಗೆ ಇಳಿದು ಬೆವತು ನಡುಗಿ ಮೂರ್ಛೆ ಹೋಗಬಹುದು. ಆಗ ಎಚ್ಚರವಿರುವಾಗಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹೊಯ್ಯದೆ ಆಸ್ಪತ್ರೆಗೆ ಒಯ್ಯಬೇಕು.

ಇನ್ನು ಬಡವರ ಸಂಗತಿ. 2013ರಲ್ಲಿ ಅನ್ನಭಾಗ್ಯವು ಆರಂಭವಾದಾಗ ಹಸಿವೆಯಿಂದಿದ್ದ ಮನೆಗಳಲ್ಲಿ ಒಲೆ ಉರಿಯಿತು. ಅದನ್ನು ಹಗುರವಾಗಿ ಮಾತಾಡುವವರು ಹಸಿವೆಯನ್ನು ಕಂಡವರಲ್ಲ. ಆದರೆ ಅಕ್ಕಿ ಅಗ್ಗವಾಗಿಯೂ ಸೊಪ್ಪು ಕಾಳು ತುಟ್ಟಿಯಾಗಿಯೂ ಇರುವ ಮನೆಯಲ್ಲಿ ಅರ್ಧ ತಟ್ಟೆ ತರಕಾರಿಯೆಂಬ ಉಪದೇಶವು ಎಲ್ಲಿ ನಿಂತೀತು? ಅಂಥ ಮನೆಯ ರೋಗಿಗೆ ಬುದ್ಧಿ ಹೇಳುವದಕ್ಕಿಂತ ಒಂದು ಸೇರು ಹುರುಳಿಯನ್ನು ಕೊಡುವದು ಲೇಸು.

ಎಲ್ಲಕ್ಕಿಂತಲೂ ಮರೆಯಾಗಿರುವದು ಸ್ತ್ರೀಯರ ತಟ್ಟೆ. ಗಂಡನಿಗೆ ಈ ರೋಗ ಬಂದರೆ ಹೆಂಡತಿಯು ಬೇರೆ ಪಲ್ಯ, ಬೇರೆ ಸಾರು ಮಾಡಿ ಹೊತ್ತಿಗೆ ಸರಿಯಾಗಿ ಬಡಿಸುತ್ತಾಳೆ. ಅವಳಿಗೇ ಬಂದರೋ? ಎಲ್ಲರೂ ಉಂಡೆದ್ದ ಮೇಲೆ ಪಾತ್ರೆಗಳನ್ನು ಮುಂದಿಟ್ಟುಕೊಂಡು ಕೂರುತ್ತಾಳೆ. ಪಲ್ಯ ತೀರಿದೆ, ಕಾಳು ತೀರಿದೆ. ಉಳಿದಿರುವದು ತಳದ ಅನ್ನವೂ ತಿಳೀ ಸಾರೂ. ಎಸೆಯಲು ಮನಸ್ಸು ಬಾರದೆ ಅದನ್ನೇ ಉಣ್ಣುತ್ತಾಳೆ. ತಿಂಗಳ ಕೊನೆಗೆ ವೈದ್ಯರು, “ಏನಮ್ಮಾ, ಅನ್ನ ಕಡಿಮೆಮಾಡಲಿಲ್ಲವೇ?” ಎಂದು ಕೇಳುವಾಗ ತಲೆ ತಗ್ಗಿಸುತ್ತಾಳೆ, ಪಕ್ಕದಲ್ಲಿ ನಿಂತ ಗಂಡನೂ ಅವಳನ್ನೇ ನೋಡುತ್ತಾನೆ. ಆ ಗಂಡನು ಈ ಸಾಯಂಕಾಲ ಪಲ್ಯದ ಪಾತ್ರೆಗೆ ಕೈ ಹಾಕುವದಕ್ಕೆ ಮುಂಚೆ ಅವಳ ಪಾಲನ್ನು ಒಂದು ಬಟ್ಟಲಿಗೆ ತೆಗೆದು ಮುಚ್ಚಿಡಲಿ.