ನಿಯಮವನ್ನು ತಿಳಿಸುವ ಋಣ

ನಿಯಮವನ್ನು ಅರಿಯದೆ ಮೀರಿದವನು ತಪ್ಪಿತಸ್ಥನಾಗುವನೆ? ನ್ಯಾಯಾಲಯಗಳಲ್ಲಿ ಈ ಪ್ರಶ್ನೆಗೆ ಉತ್ತರವು ಎಂದೋ ಸಿದ್ಧವಾಗಿರುವುದು: ಕಾನೂನು ತಿಳಿದಿರಲಿಲ್ಲವೆಂಬುದು ನೆಪವಾಗಲಾರದು. ರಾಜ್ಯವು ನಡೆಯಬೇಕಾದರೆ ಅಂತಹ ಕಟ್ಟುನಿಟ್ಟು ಬೇಕಾಗಬಹುದು. ಆದರೆ ವಿದ್ಯಾಲಯವು ತಿಳಿಯದವರಿಗೆ ತಿಳಿಸುವುದಕ್ಕಾಗಿಯೇ ಹುಟ್ಟಿದ ಸಂಸ್ಥೆ. ತನ್ನ ಬಾಗಿಲಿಗೆ ಹೊಸದಾಗಿ ಬಂದವನನ್ನು, ನಿನಗೆ ತಿಳಿದಿರಲಿಲ್ಲವೆಂದು ಅದು ದಂಡಿಸುವುದಾದರೆ, ಹಾಗೆ ದಂಡಿಸುವ ಅಧಿಕಾರವು ಅದಕ್ಕೆ ಎಲ್ಲಿಂದ ಬಂದಿತೆಂಬುದು ವಿಚಾರಿಸತಕ್ಕ ಮಾತಾಗಿದೆ.

ಕಲಬುರಗಿಯಿಂದ ಕುಸನೂರಿನ ಕಡೆಗೆ ಹೋಗುವ ದಾರಿಯಲ್ಲಿ ‘ಜ್ಞಾನಗಂಗೆ’ಯೆಂಬ ಆವರಣವನ್ನು ನಮ್ಮ ಜಿಲ್ಲೆಯ ವಾಚಕರು ಬಲ್ಲರು. 1970ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಮೊದಲಾದುದು 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಅಲ್ಲಿ ಗೊತ್ತುಪಡಿಸಿದ ನಿಯಮಗಳು ಆಳಂದ, ಚಿಂಚೋಳಿ, ಸೇಡಂ ಮೊದಲಾದ ಕಡೆಗಳ ಕಾಲೇಜುಗಳಲ್ಲಿ ಕುಳಿತ ಹುಡುಗ ಹುಡುಗಿಯರನ್ನು ಕಟ್ಟುವುವು. ನಿಯಮವನ್ನು ಬರೆದವರು ಆ ಮಕ್ಕಳನ್ನು ಕಂಡವರಲ್ಲ. ಆ ಮಕ್ಕಳಲ್ಲಿ ಅನೇಕರು ಜ್ಞಾನಗಂಗೆಯನ್ನು ಕಂಡವರಲ್ಲ. ಇವರಿಬ್ಬರ ನಡುವೆ ನಿಂತು ಮಾತನಾಡತಕ್ಕವನು ಊರ ಕಾಲೇಜಿನ ಅಧ್ಯಾಪಕನೊಬ್ಬನೇ. ಅವನು ಸುಮ್ಮನಿದ್ದರೆ ನಿಯಮವು ಪರೀಕ್ಷೆಯ ಹೊತ್ತಿಗೆ ಸಿಡಿಲಿನಂತೆ ಬಂದೆರಗುವುದು.

ನಾನೂ ಒಮ್ಮೆ ಸುಮ್ಮನಿದ್ದವನೇ ಆದುದರಿಂದ ಇದನ್ನು ಬರೆಯುತ್ತಿದ್ದೇನೆ. ನಾನು ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ, ಮೊದಲ ವರ್ಷದ ಹುಡುಗಿಯೊಬ್ಬಳು ತಾಯಿಯ ಕಾಯಿಲೆಗೆಂದೂ ತೊಗರಿಯ ರಾಶಿಗೆಂದೂ ಎರಡು ಸಲ ಊರಿಗೆ ಹೋದಳು. ಎರಡು ಸಲವೂ ತಪ್ಪದೆ ರಜೆಯ ಅರ್ಜಿಯನ್ನು ಬರೆದುಕೊಟ್ಟಳು. ನಾನು ಅದನ್ನು ಓದಿ ರುಜು ಹಾಕಿದೆ. ಪರೀಕ್ಷೆಗೆ ಮುಂಚೆ, ಶೇಕಡ 75ರ ಹಾಜರಿಯಿಲ್ಲದವರ ಪಟ್ಟಿಯಲ್ಲಿ ಅವಳ ಹೆಸರಿತ್ತು. ‘ಅರ್ಜಿ ಕೊಟ್ಟಿದ್ದೆನಲ್ರೀ ಸರ್’ ಎಂದಳು. ರಜೆಗೆ ಒಪ್ಪಿಗೆ ದೊರೆತರೆ ಆ ದಿನಗಳು ಹಾಜರಿಯಲ್ಲಿ ಸೇರುವುವೆಂದು ಅವಳು ನಂಬಿದ್ದಳು. ಅವಳು ಕಲಿತ ಶಾಲೆಯಲ್ಲಿ ಅರ್ಜಿ ಕೊಟ್ಟವರಿಗೆ ಯಾವ ತೊಂದರೆಯೂ ಆಗುತ್ತಿರಲಿಲ್ಲ. ನಿಯಮವು ಸೂಚನಾಫಲಕದಲ್ಲಿ ಇಂಗ್ಲಿಷಿನಲ್ಲಿ ಅಂಟಿಸಿದ್ದಿತು. ‘ಅಲ್ಲಿ ಬರೆದಿದೆಯಲ್ಲಮ್ಮ, ಓದಬೇಕಾಗಿತ್ತು’ ಎಂದು ನಾನು ಉತ್ತರ ಕೊಟ್ಟೆ. ಅವಳು ಪರೀಕ್ಷೆಗೆ ಕೂಡಲಿಲ್ಲ. ಮರುವರ್ಷ ಕಾಲೇಜಿಗೂ ಬರಲಿಲ್ಲ. ರುಜು ಹಾಕುವಾಗ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು.

ನಾನು ಹೇಳಿದುದರಲ್ಲಿ ಸುಳ್ಳೇನೂ ಇರಲಿಲ್ಲ. ಹಾಜರಿಯ ನಿಯಮವೂ ಅನ್ಯಾಯದ್ದಲ್ಲ. ತರಗತಿಗೆ ಬಾರದವನಿಗೆ ಪದವಿಯನ್ನು ಕೊಡುವುದು ಬಂದವನಿಗೆ ಮಾಡುವ ಅವಮಾನವೇ ಸರಿ. ಆದರೂ ನನ್ನ ಮಾತು ನ್ಯಾಯವಾಗಿತ್ತೆಂದು ಇಂದಿಗೂ ನನ್ನ ಮನಸ್ಸು ಒಪ್ಪದು. ಕಾರಣವನ್ನು ಹುಡುಕಿ ನೋಡಿದರೆ ಇಷ್ಟು ಕಾಣುವುದು: ನಿಯಮವು ಎಲ್ಲರಿಗೂ ಒಂದೇ ಆಗಿದ್ದಿತು, ಅದರ ತಿಳಿವಳಿಕೆ ಮಾತ್ರ ಎಲ್ಲರಿಗೂ ಒಂದಾಗಿರಲಿಲ್ಲ. ಅದೇ ತರಗತಿಯಲ್ಲಿ ಕುಳಿತಿದ್ದ ಶಿಕ್ಷಕರ ಮಗನಿಗೆ ಆ ನಿಯಮವು ರಾತ್ರಿಯ ಊಟದ ಹೊತ್ತಿನಲ್ಲಿಯೇ ತಿಳಿದಿತ್ತು. ವಂಶದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗಿಗೆ ಅದನ್ನು ಹೇಳತಕ್ಕವರು ಮನೆಯಲ್ಲಿ ಯಾರಿದ್ದರು? ಶ್ರದ್ಧೆಯನ್ನು ಅಳೆಯುವುದಕ್ಕೆಂದು ಮಾಡಿದ ಅಳತೆಗೋಲು, ಹೀಗೆ, ಹುಟ್ಟಿದ ಮನೆಯನ್ನು ಅಳೆದುಬಿಟ್ಟಿತು.

ಮನೆಯ ಹಿರಿಯರು ಕಲಿತವರಾಗಿದ್ದರೂ ಈಗ ಅವರ ತಿಳಿವಳಿಕೆ ಬಹುಕಾಲ ಬಾಳುವುದಿಲ್ಲ. ನಮ್ಮ ರಾಜ್ಯದಲ್ಲಿ 2021–22ನೆಯ ಸಾಲಿನಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಮೇರೆಗೆ ನಾಲ್ಕು ವರ್ಷಗಳ ಪದವಿಕ್ರಮವು ಜಾರಿಗೆ ಬಂದಿತು. ಒಂದು ವರ್ಷಕ್ಕೆ ನಿಲ್ಲಿಸಿದರೆ ಪ್ರಮಾಣಪತ್ರ, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್ ಎಂದು ಏರ್ಪಾಡಾಯಿತು, ಮುಖ್ಯವಿಷಯಗಳು ಎರಡಾದುವು. 2024–25ನೆಯ ಸಾಲಿನಲ್ಲಿ ಪ್ರವೇಶ ಪಡೆದವರಿಗೆ ಮರಳಿ ಮೂರು ವರ್ಷಗಳ ಪದವಿಯೂ ಮೂರು ಮುಖ್ಯವಿಷಯಗಳೂ ಬಂದುವು. ಈ ಎರಡರಲ್ಲಿ ಯಾವುದು ಮೇಲೆಂಬುದು ಬೇರೆ ಚರ್ಚೆ. ಇಲ್ಲಿ ಗಮನಿಸತಕ್ಕದ್ದೇನೆಂದರೆ, 2021ರಲ್ಲಿ ಸೇರಿದ ಅಣ್ಣನ ಅನುಭವವು 2024ರಲ್ಲಿ ಸೇರಿದ ತಂಗಿಗೆ ದಾರಿ ತೋರಿಸಲಾರದೆ ಹೋಯಿತು. ಮನೆಯು ಹೇಳಲಾರದಾದಾಗ ಸಂಸ್ಥೆಯೇ ಹೇಳಬೇಕಾಗುವುದಲ್ಲದೆ, ನಿಯಮವನ್ನು ಬದಲಾಯಿಸಿದಷ್ಟು ಸಲ ಆ ಹೊಣೆಯು ಹೆಚ್ಚುತ್ತ ಹೋಗುವುದು.

ನಿರ್ಬಂಧದ ವಿಷಯದಲ್ಲಿ ಮಾತ್ರವಲ್ಲ, ಹಕ್ಕಿನ ವಿಷಯದಲ್ಲಿಯೂ ಇದು ನಿಜ. 2012ರ ಸಂವಿಧಾನ ತಿದ್ದುಪಡಿಯಿಂದ ಸೇರಿದ 371(ಜೆ) ವಿಧಿಯ ಫಲವಾಗಿ, 2013ರ ಆದೇಶದ ಮೇರೆಗೆ, ನಮ್ಮ ಭಾಗದ ವಿದ್ಯಾಸಂಸ್ಥೆಗಳಲ್ಲಿ ಇಲ್ಲಿಯವರಿಗೆ ಶೇಕಡ 70ರಷ್ಟು ಸ್ಥಾನಗಳೂ, ಇಡಿಯ ರಾಜ್ಯಕ್ಕೆ ಸೇರಿದ ಸಂಸ್ಥೆಗಳಲ್ಲಿ ಶೇಕಡ 8ರಷ್ಟು ಸ್ಥಾನಗಳೂ ಮೀಸಲಾದುವು. ಆದರೆ ಅದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಸಕಾಲದಲ್ಲಿ ಪಡೆಯಬೇಕೆಂಬುದು ತಿಳಿಯದವನಿಗೆ ಆ ವಿಧಿಯು ಇದ್ದೂ ಇಲ್ಲದಂತೆಯೇ. ಬಾವಿ ತೋಡಿಸಿದವರು ಹಗ್ಗವನ್ನೂ ಇಡಿಸಬೇಕು.

ಇಲ್ಲಿ ಕೆಲವರು ಆಕ್ಷೇಪಿಸಬಹುದು: ‘ಹದಿನೆಂಟು ವರ್ಷ ತುಂಬಿದವರು ಮಕ್ಕಳಲ್ಲ. ಎಲ್ಲವನ್ನೂ ಕೈಹಿಡಿದು ತಿಳಿಸುತ್ತ ಹೋದರೆ ಅವರು ಸ್ವತಂತ್ರರಾಗುವುದೆಂದು?’ ಈ ಮಾತಿನಲ್ಲಿ ಸತ್ಯಾಂಶವುಂಟು. ಸಲಹೆಯೆಂಬ ಹೆಸರಿನಲ್ಲಿ ಮತ್ತೊಬ್ಬರ ಬಾಳನ್ನು ತಾನೇ ಆಯ್ದುಕೊಡುವ ಚಪಲವು ಅಧ್ಯಾಪಕರಲ್ಲಿ ಬಹಳವಾಗಿರುವುದು. ‘ನಿನಗೆ ಗಣಿತ ಬೇಡಮ್ಮ, ಕಷ್ಟವಾದೀತು’ ಎಂದು ಹೇಳಿ ಅರ್ಜಿಯಲ್ಲಿ ಬೇರೆ ವಿಷಯವನ್ನು ತುಂಬಿಸುವವರು ತಮ್ಮನ್ನು ದಯಾಳುಗಳೆಂದೇ ತಿಳಿದುಕೊಂಡಿರುವರು. ಆದರೆ ಆ ವಿಷಯವನ್ನು ಬಿಟ್ಟರೆ ಮುಂದೆ ಯಾವ ಯಾವ ಬಾಗಿಲುಗಳು ಮುಚ್ಚುವುವೆಂದು ಹೇಳುವುದು ಅವರ ಕರ್ತವ್ಯ. ಯಾವ ಬಾಗಿಲನ್ನು ಹೊಗಬೇಕೆಂದು ಗೊತ್ತುಮಾಡುವುದು ಅವಳ ಹಕ್ಕು. ಮೊದಲನೆಯದನ್ನು ಮಾಡದೆ ಎರಡನೆಯದನ್ನು ಕಸಿದುಕೊಂಡರೆ ಎರಡು ತಪ್ಪುಗಳಾಗುವುವು.

ಅಮೆರಿಕದ ಹಾರ್ವರ್ಡ್ ಕಾಲೇಜಿನ ಇತಿಹಾಸವು ಈ ಸಂಬಂಧವನ್ನು ಚೆನ್ನಾಗಿ ತೋರಿಸುವುದು. 1869ರಲ್ಲಿ ಅದರ ಅಧ್ಯಕ್ಷರಾದ ಚಾರ್ಲ್ಸ್ ಎಲಿಯಟ್ಟರು, ಎಲ್ಲರೂ ಒಂದೇ ಪಾಠವನ್ನು ಕಲಿಯುವ ಹಳೆಯ ಪದ್ಧತಿಯನ್ನು ಸಡಿಲಿಸಿ, ವಿಷಯಗಳನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ವಿದ್ಯಾರ್ಥಿಗಳಿಗೆ ವಿಸ್ತರಿಸಿದರು. ಆ ಶತಮಾನವು ಮುಗಿಯುವುದರೊಳಗೆ, ಹೊಸದಾಗಿ ಬಂದವರಿಗಾಗಿ ಅಲ್ಲಿ ಅಧ್ಯಾಪಕರ ಸಲಹಾಮಂಡಲಿಯೊಂದು ಏರ್ಪಟ್ಟಿತು. ಆಯ್ಕೆಯನ್ನು ಕೊಟ್ಟವರಿಗೆ ಸಲಹೆಯನ್ನೂ ಕೊಡಬೇಕಾಗಿ ಬಂದಿತು. ಆದುದರಿಂದ ಸಲಹೆಯು ಸ್ವಾತಂತ್ರ್ಯಕ್ಕೆ ವೈರಿಯಲ್ಲ. ತಿಳಿಯದೆ ಮಾಡಿದ ಆಯ್ಕೆಯನ್ನು ಸ್ವಾತಂತ್ರ್ಯವೆಂದು ಕರೆಯುವುದು ಕುರುಡನನ್ನು ಕವಲುದಾರಿಯಲ್ಲಿ ಬಿಟ್ಟು ‘ಇಷ್ಟಬಂದತ್ತ ಹೋಗು’ ಎಂದಂತೆ.

ಮತ್ತೊಂದು ಆಕ್ಷೇಪವುಂಟು: ‘ತಿಳಿಸಿದ ಮೇಲೂ ಮೀರಿದರೆ?’ ಆಗ ನಿಯಮವು ನಡೆಯತಕ್ಕದ್ದೇ. ಒಬ್ಬನ ಮೇಲಿನ ಕನಿಕರದಿಂದ ನಿಯಮವನ್ನು ಬಾಗಿಸಿದರೆ, ಕಷ್ಟಪಟ್ಟು ಅದನ್ನು ಪಾಲಿಸಿದವರಿಗೆ ಅನ್ಯಾಯವಾಗುವುದು. ನಾನು ಬೇಡುವುದು ರಿಯಾಯಿತಿಯನ್ನಲ್ಲ. ತಿಳಿಸುವ ಋಣವನ್ನು ಸಂಸ್ಥೆಯು ಮೊದಲು ತೀರಿಸಲಿ. ಪಾಲಿಸುವ ಋಣವನ್ನು ಬಳಿಕ ವಿದ್ಯಾರ್ಥಿಯಿಂದ ಕೇಳಲಿ. ಸಂದೇಹ ಬಂದಾಗ ನಾಚದೆ ಕೇಳುವುದು ವಿದ್ಯಾರ್ಥಿಯ ಪಾಲಿನ ಕರ್ತವ್ಯ. ಕೇಳಿದವನನ್ನು ನಗೆಗೀಡುಮಾಡದಿರುವುದು, ತನಗೆ ತಿಳಿಯದಿದ್ದರೆ ‘ವಿಚಾರಿಸಿ ಹೇಳುವೆನು’ ಎನ್ನುವುದು ಅಧ್ಯಾಪಕನ ಕರ್ತವ್ಯ.

ಇದಕ್ಕೆ ದೊಡ್ಡ ವೆಚ್ಚವೇನೂ ಬೇಡ. 2019ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ‘ದೀಕ್ಷಾರಂಭ’ವೆಂಬ ಹೆಸರಿನಿಂದ, ಹೊಸ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಕ್ರಮವೊಂದನ್ನು ಸೂಚಿಸಿತು. ಆ ದೀಕ್ಷೆಯು ಹಾರ, ಭಾಷಣ, ಭಾವಚಿತ್ರಗಳಲ್ಲಿ ಮುಗಿಯದೆ, ಹಾಜರಿಯೆಂದರೇನು, ಕ್ರೆಡಿಟ್ಟೆಂದರೇನು, ವಿಷಯವನ್ನು ಬದಲಾಯಿಸುವುದಕ್ಕೆ ಕೊನೆಯ ದಿನವೆಂದು ಎಂಬುವನ್ನು ಮನೆಯ ಮಾತಿನಲ್ಲಿ ಹೇಳಿ, ತಿಳಿಯಿತೆ ಎಂದು ತಿರುಗಿ ಕೇಳುವುದಾದರೆ ಸಾಕು. ಹಾಜರಿ ಕಡಮೆಯಾದವರ ಪಟ್ಟಿಯನ್ನು ಕೊನೆಯ ತಿಂಗಳಿಗೆ ಬದಲು ಮೊದಲನೆಯ ತಿಂಗಳಲ್ಲಿ ಓದಿದರೆ ಅದು ದಂಡನೆಯಾಗದೆ ಎಚ್ಚರಿಕೆಯಾಗುವುದು.

ನಮ್ಮ ಜಿಲ್ಲೆಗೆ ಇದು ಹೊಸ ಧರ್ಮವೂ ಅಲ್ಲ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಘಟಿಕಾಸ್ಥಾನವಿದ್ದಿತು. 1058ರ ಅಲ್ಲಿಯ ಶಾಸನವು ವಿದ್ಯಾರ್ಥಿಗಳನ್ನೂ ಉಪಾಧ್ಯಾಯರನ್ನೂ ಹೇಳುವುದರೊಡನೆ ಆರು ಮಂದಿ ಸರಸ್ವತೀಭಂಡಾರಿಗಳನ್ನು ಹೇಳಿರುವುದು. ಗ್ರಂಥಗಳನ್ನು ಕೂಡಿಸಿಟ್ಟರೆ ಸಾಲದು, ಅವುಗಳನ್ನು ನೋಡಿಕೊಳ್ಳುವುದಕ್ಕೆ ಜನರೂ ಬೇಕೆಂದು ಆ ದಾನಿಗಳು ತಿಳಿದಿದ್ದರು. ನಾನು ಆ ಹುಡುಗಿಗೆ ತೋರಿಸಿದುದು ಫಲಕವನ್ನು. ಅದರ ಬಳಿ ಒಬ್ಬ ಮನುಷ್ಯನು ನಿಂತಿರಬೇಕಾಗಿತ್ತು. ಆ ಮನುಷ್ಯನು ನಾನೇ ಆಗಿರಬೇಕಾಗಿತ್ತು.