ಮರದ ಕೆಳಗೆ ಯಾರಿದ್ದಾರೆ?

ಬೆಂಗಳೂರಿನ ನಮ್ಮ ಹಾಸ್ಟೆಲ್ ಗೇಟಿನ ಹೊರಗೆ ಒಂದು ಗುಲ್‌ಮೊಹರ್ ಮರವಿತ್ತು. ಅದರ ಬುಡದಲ್ಲಿ ಅಕ್ಕನ ಟೀ ಗಾಡಿ. ಎರಡು ವರ್ಷದ ಹಿಂದೆ ಆ ಮರದ ಮೇಲೆ ಯಾರೋ ಬಿಳಿ ಬಣ್ಣದಲ್ಲಿ ಗುರುತು ಹಾಕಿ ಹೋದರು. ಕಡಿಯಬಾರದೆಂದು ಮನವಿ ಬರೆದವಳು ನಾನೇ. ಸಹಿಗಾಗಿ ಅಕ್ಕನ ಬಳಿಯೂ ಹೋದೆ.

ಅವರು ಸೆರಗಿಗೆ ಕೈ ಒರೆಸಿಕೊಂಡರು, ಪೆನ್ನು ಮಾತ್ರ ಮುಟ್ಟಲಿಲ್ಲ. "ನೀನು ಹತ್ತು ನಿಮಿಷ ನಿಂತು ಹೋಗ್ತೀಯ ಕಣವ್ವ. ನಾನು ಬೆಳಿಗ್ಗೆ ಆರರಿಂದ ಇದರ ಬುಡದಲ್ಲೇ ಇರ್ತೀನಿ. ಗಾಳಿ ಬಂದಾಗ ಒಳಗಿಂದ ಕಟಕಟ ಅನ್ನುತ್ತೆ, ಕೇಳಿಸ್ಕೊಂಡಿದ್ದೀಯಾ?"

ಕೇಳಿಸಿಕೊಂಡಿರಲಿಲ್ಲ. ಅಷ್ಟೇ ಅಲ್ಲ, ಮರವನ್ನು ಒಮ್ಮೆ ಸುತ್ತಿ ಬಂದು ನೋಡಿಯೂ ಇರಲಿಲ್ಲ.

ಮರ ನೋಡುವುದನ್ನು ಆಮೇಲೆ ಕಲಿತೆ. ಓರೆಯಾಗಿರುವ ಮರವೆಲ್ಲ ಬೀಳುವ ಮರವಲ್ಲ. ಕಾಂಡ ವಾಲಿದ್ದರೂ ತುದಿ ಮತ್ತೆ ನೆಟ್ಟಗಾಗಿದ್ದರೆ ಅದು ಬೆಳಕನ್ನು ಅರಸುತ್ತ ವರ್ಷಗಟ್ಟಲೆ ಹಾಗೇ ಬೆಳೆದಿದೆ. ಹೊಸದಾಗಿ ವಾಲಿದ್ದು, ವಾಲಿದ ಕಡೆಗೆ ಬೆನ್ನಾದ ಬದಿಯಲ್ಲಿ ನೆಲ ಬಿರಿದು ಉಬ್ಬಿದ್ದರೆ ಮಾತ್ರ ಬೇರು ಕಿತ್ತು ಬರುತ್ತಿದೆ ಎಂದು ತಿಳಿಯಬೇಕು. ಪೊಟರೆಯೂ ಹಾಗೆಯೇ. ನೀರು ಸಾಗಿಸುವ ಜೀವಂತ ಭಾಗ ತೊಗಟೆಯ ಪಕ್ಕದಲ್ಲಿರುವುದರಿಂದ, ಒಳಗಿನ ಚೇಗು ಟೊಳ್ಳಾದರೂ ಮರ ಕೊಳವೆಯಂತೆ ಗಟ್ಟಿಯಾಗಿ ನಿಂತಿರಬಹುದು. ಉಳಿದ ಗಟ್ಟಿ ಗೋಡೆಯ ದಪ್ಪ ಕಾಂಡದ ತ್ರಿಜ್ಯದ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾದರೆ ಎಚ್ಚರ ಎಂಬ ಸ್ಥೂಲ ಅಳತೆಯೊಂದಿದೆ. ಅದನ್ನು ಒಪ್ಪದ ತಜ್ಞರೂ ಇದ್ದಾರೆ.

ನಮ್ಮ ಮರಕ್ಕೆ ಪೊಟರೆ ಇರಲಿಲ್ಲ. ತಲೆತುಂಬ ಹಸಿರು. ನನ್ನ ಮನವಿಯ ಮುಖ್ಯ ವಾದವೂ ಅದೇ ಆಗಿತ್ತು. ಆದರೆ ಚರಂಡಿಯ ಬದಿಗೆ ಕೂತು ನೋಡಿದಾಗ, ಬುಡದಲ್ಲಿ ಅಂಗೈಯಗಲದ ಗಟ್ಟಿ ಅಣಬೆ ಕಂಡಿತು, ಕೆಂಗಂದು ಬಣ್ಣದ್ದು, ಗೋಡೆಗೆ ಹೊಡೆದ ಹಲಗೆಯಂತೆ. ಹಿಂದಿನ ವರ್ಷ ಪೈಪಿಗಾಗಿ ಅಗೆದದ್ದು ಅದೇ ಬದಿಯಲ್ಲಿ. ಕತ್ತರಿಸಿದ ಬೇರಿನಿಂದ ಕೊಳೆತ ಒಳಹೊಕ್ಕಿರಬೇಕು. ಉಳಿದ ಬೇರುಗಳು ಎಲೆಗಳಿಗೆ ನೀರು ಕೊಡಲು ಸಾಕಾಗುತ್ತವೆ, ಏಪ್ರಿಲ್-ಮೇ ತಿಂಗಳ ಬಿರುಗಾಳಿಯಲ್ಲಿ ಮರವನ್ನು ಹಿಡಿದು ನಿಲ್ಲಿಸಲು ಸಾಲದೇ ಹೋಗಬಹುದು. ಹಸಿರನ್ನು ನಾನು ಬಲವೆಂದು ಓದಿದ್ದೆ.

ಬಿಳಿ ಗುರುತನ್ನು ಅನುಮಾನಿಸಿದ್ದು ತಪ್ಪೆಂದು ಈಗಲೂ ಅನಿಸುವುದಿಲ್ಲ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಮರ ಕಡಿಯಲು ಅನುಮತಿ ಕೊಡಬಹುದಾದ ಕಾರಣಗಳಲ್ಲಿ ಪ್ರಾಣಾಪಾಯವೂ ಒಂದು. ರಸ್ತೆಗೋ ಬೋರ್ಡಿಗೋ ಅಡ್ಡಬಂದ ಮರವೂ ಇದ್ದಕ್ಕಿದ್ದಂತೆ 'ಅಪಾಯಕಾರಿ' ಆಗಿಬಿಡಬಹುದು. ಆದರೆ ನಾನು ಜಗಳಕ್ಕೆ ನಿಂತದ್ದು ಅಂಥ ಎಲ್ಲ ಗುರುತುಗಳ ವಿರುದ್ಧ. ಎದುರಿಗಿದ್ದದ್ದು ಒಂದೇ ಮರ, ಅದರ ಕೆಳಗೆ ಒಬ್ಬ ಹೆಂಗಸು.

ಇದೇ ಮರ ನಿರ್ಜನ ಬಯಲಲ್ಲಿದ್ದರೆ ತಾನಾಗಿ ಬೀಳಲಿ ಎಂದು ಬಿಡಬಹುದಿತ್ತು. ಅಪಾಯವೆನ್ನುವುದು ಮರದೊಳಗೆ ಮಾತ್ರ ಇರುವಂಥದ್ದಲ್ಲ, ಕೆಳಗೆ ಯಾರು ಎಷ್ಟು ಹೊತ್ತು ಇರುತ್ತಾರೆ ಎಂಬುದರಲ್ಲೂ ಇದೆ. ಹಾಗಾದರೆ ಮೊದಲು ಕೆಳಗಿರುವವರನ್ನು ಸರಿಸಬೇಕಲ್ಲವೇ? ಗಾಡಿ ಆಚೆ ಇಟ್ಟುಕೊಳ್ಳಿ ಎಂದೆ. ಅಕ್ಕ ನಕ್ಕರು. ಆಚೆ ನಿಲ್ಲಿಸಲು ಬಿಡುವವರಿಲ್ಲ, ನೆರಳಿಲ್ಲದಿದ್ದರೆ ಗಿರಾಕಿಯಿಲ್ಲ. ಅಲ್ಲದೆ ಎದುರಿಗೇ ಬಸ್ ಸ್ಟಾಪು. ಕೊಂಬೆ ಸವರಿ ಭಾರ ಇಳಿಸಬಹುದಿತ್ತು, ಕೊಳೆತ ಬೇರಿಗೆ ಅದು ಮದ್ದಲ್ಲ.

"ಮರ ಹೋದ್ರೆ ವ್ಯಾಪಾರ ಹೋಗುತ್ತೆ," ಎಂದರು. "ನೀನೇ ಹೇಳು, ಓದಿದೋಳು."

ನಾನು ಹೇಳಲಿಲ್ಲ. ಮನವಿಯನ್ನು ಕೊಡಲೂ ಇಲ್ಲ. ಸಹಿ ಹಾಕಿದ ಗೆಳೆಯರಲ್ಲಿ ಇಬ್ಬರು ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ.

ಮಾರ್ಚ್ ಕೊನೆಗೆ ಕಡಿದರು. ಕೊರಡನ್ನು ಹೋಗಿ ನೋಡಿದೆ. ಚರಂಡಿಯ ಬದಿ ಕಪ್ಪಾಗಿ ಪುಡಿಪುಡಿಯಾಗಿತ್ತು, ಉಗುರಿನಲ್ಲಿ ಕೆರೆದರೆ ಬರುತ್ತಿತ್ತು. ಇನ್ನೊಂದು ಬದಿ ಗಟ್ಟಿಯಾಗಿತ್ತು, ಹಸಿ ವಾಸನೆ. ಇನ್ನೂ ಐದು ವರ್ಷ ನಿಲ್ಲುತ್ತಿತ್ತೇನೋ. ಆ ಮಳೆಗಾಲಕ್ಕೇ ಬೀಳುತ್ತಿತ್ತೇನೋ.

ಅಕ್ಕ ಈಗ ನೀಲಿ ಟಾರ್ಪಾಲು ಕಟ್ಟಿಕೊಂಡಿದ್ದಾರೆ. ಮಧ್ಯಾಹ್ನ ಅದರ ಕೆಳಗೆ ನಿಲ್ಲಲಾಗುವುದಿಲ್ಲ, ಅಷ್ಟು ಕಾವು. ನಾನು ಸಂಜೆ ಹೋಗುತ್ತೇನೆ. ಅವರು ಬೆಳಿಗ್ಗೆ ಆರಕ್ಕೇ ಬಂದಿರುತ್ತಾರೆ.